ಆಸ್ಪತ್ರೆಯ ಬಾಗಿಲಿಗೆ ಮುನ್ನ

ಸಾಂಕ್ರಾಮಿಕ ಜಾಡ್ಯದ ಉಗ್ರತೆಯನ್ನು ನಾವು ಸಾಮಾನ್ಯವಾಗಿ ಆಸ್ಪತ್ರೆಯ ಲೆಕ್ಕದಿಂದ ಅಳೆಯುತ್ತೇವೆ. ಎಷ್ಟು ಮಂದಿ ದಾಖಲಾದರು, ಎಷ್ಟು ಮಂದಿ ಗುಣಹೊಂದಿದರು, ಎಷ್ಟು ಮಂದಿ ಮೃತರಾದರು ಎಂದು ವಿಚಾರಿಸುತ್ತೇವೆ. ಆದರೆ ಆಸ್ಪತ್ರೆಯ ಬಾಗಿಲನ್ನೇ ಕಾಣದೆ ಅಳಿದವರ ಗತಿಯೇನು? ಅವರನ್ನು ಬಿಟ್ಟು ಬರೆದ ಚರಿತ್ರೆಯು ಅರ್ಧ ಚರಿತ್ರೆಯೇ ಸರಿ.

ಬೆಳಗಾವಿಯ ಸೀಮೆಯನ್ನೇ ತೆಗೆದುಕೊಳ್ಳೋಣ. ಇಂದು ಶಿವಬಸವ ನಗರವನ್ನು ಒಳಗೊಂಡಿರುವ ಈ ಪಟ್ಟಣವು 1918ರಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದಿತು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿ ನಗರದಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ಸೆಪ್ಟೆಂಬರಿನಲ್ಲಿ ಇಮ್ಮಡಿ ಉಗ್ರವಾಗಿ ಮರಳಿತು. ರೈಲುಮಾರ್ಗಗಳನ್ನು ಹಿಡಿದು ಒಳನಾಡಿಗೆ ಹಬ್ಬಿತು. ಮಳೆ ತಪ್ಪಿ ಧಾನ್ಯವು ತುಟ್ಟಿಯಾಗಿದ್ದಿತು. ಅನೇಕ ವೈದ್ಯರು ಯುದ್ಧಸೇವೆಗೆ ತೆರಳಿದ್ದರು. ಇಲಾಖೆಯಲ್ಲಿ ಸತ್ತವರ ಸಂಖ್ಯೆಯು 10 ಲಕ್ಷವನ್ನು ಮೀರಿತೆಂದು ಅಂದಾಜು.

ಈ ಜ್ವರದ ಒಂದು ಲಕ್ಷಣವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅದು 20ರಿಂದ 40 ವರ್ಷದ ಪ್ರಾಯದವರನ್ನೇ ಹೆಚ್ಚಾಗಿ ಬಲಿತೆಗೆದುಕೊಂಡಿತು. ಖಾನಾಪುರದಂತಹ ಕಾಡುಸೀಮೆಯಲ್ಲಿ ರೋಗಿಗೆ ಎತ್ತಿನ ಬಂಡಿಯೇ ಗತಿ, ಇಲ್ಲವೆ ನಾಲ್ವರ ಹೆಗಲು. ಹೊರಬೇಕಾದ ಹೆಗಲುಗಳೇ ಹಾಸಿಗೆ ಹಿಡಿದರೆ ಆಸ್ಪತ್ರೆಗೆ ಒಯ್ಯುವವರಾರು?

ಹಳ್ಳಿಯ ಮರಣಪಟ್ಟಿಯಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ ಮುಂತಾದ ಕೆಲವೇ ಕಲಮುಗಳಿದ್ದವು. ಇನ್‌ಫ್ಲುಯೆಂಜಾದಿಂದ ಸತ್ತವರು ಬಹುಮಟ್ಟಿಗೆ ‘ಜ್ವರ’ದ ಕಲಮಿನಲ್ಲಿ ಸೇರಿಹೋದರು. ಆದುದರಿಂದಲೇ ವಿದ್ವಾಂಸರು ಹಿಂದಿನ ವರ್ಷಗಳ ಮರಣಗಳೊಡನೆ ಹೋಲಿಸಿ, ಹೆಚ್ಚಿಗೆಯಾದ ಸಂಖ್ಯೆಯಿಂದ ಹಾನಿಯನ್ನು ಊಹಿಸಬೇಕಾಯಿತು.

ನೂರು ವರ್ಷಗಳ ತರುವಾಯ, 2020ರ ಕೋವಿಡ್ ಕಾಲದಲ್ಲಿ, ಇದೇ ಸಂಗತಿ ಬೇರೊಂದು ರೂಪದಲ್ಲಿ ತೋರಿತು. ಇಟಲಿಯ ಲೊಂಬಾರ್ಡಿ ಪ್ರಾಂತದ ನಾಲ್ಕು ಜಿಲ್ಲೆಗಳಲ್ಲಿ, ಜಾಡ್ಯದ ಮೊದಲ 40 ದಿನಗಳೊಳಗೆ, ಆಸ್ಪತ್ರೆಯ ಹೊರಗೆ ಹೃದಯ ಸ್ತಂಭಿಸಿದ ಪ್ರಕರಣಗಳು 229ರಿಂದ 362ಕ್ಕೆ ಏರಿದವು. ಭಾರತದಲ್ಲಿಯಾದರೋ ಹೃದಯಾಘಾತಕ್ಕಾಗಿ ಆಸ್ಪತ್ರೆ ಸೇರಿದವರ ಸಂಖ್ಯೆಯು ಆ ಬೇಸಗೆಯಲ್ಲಿ ಮೂರನೆಯ ಒಂದು ಪಾಲಿನಷ್ಟು ಇಳಿಯಿತು. ಹೃದ್ರೋಗವು ಅಷ್ಟು ಬೇಗ ಕಡಮೆಯಾಗಿರಲಾರದು. ಸೋಂಕಿನ ಭಯವೂ ಸಂಚಾರದ ನಿರ್ಬಂಧವೂ ರೋಗಿಗಳನ್ನು ಮನೆಯಲ್ಲಿಯೇ ತಡೆದವೆಂದು ತಿಳಿಯುವುದು ಯುಕ್ತ.

ಹೀಗೆ ಮಹಾಮಾರಿಯು ಎರಡು ಬಗೆಯಲ್ಲಿ ಕೊಲ್ಲುತ್ತದೆ: ತಾನು ತಂದ ರೋಗದಿಂದ ಒಮ್ಮೆ, ಅನ್ಯರೋಗಿಗಳ ದಾರಿಯನ್ನು ಕಟ್ಟಿ ಮತ್ತೊಮ್ಮೆ. ಎರಡನೆಯ ಬಗೆಯ ಸಾವನ್ನು ತಡೆಯುವುದಕ್ಕೆ ಹೊಸ ಔಷಧವು ಬೇಕಿಲ್ಲ. ತೆರೆದ ದಾರಿ, ಕರೆದೊಡನೆ ಬರುವ ವಾಹನ, ಆಸ್ಪತ್ರೆಯಲ್ಲಿ ಜನರ ನಂಬಿಕೆ, ಇಷ್ಟು ಸಾಕು. ಖಾನಾಪುರದ ಕಾಡಿನ ಕೆಲವು ಹಳ್ಳಿಗಳಲ್ಲಿ ಮಳೆಗಾಲದ ರೋಗಿಯನ್ನು ಈಗಲೂ ಹೆಗಲ ಮೇಲೆ ಹೊತ್ತು ತರುವುದುಂಟು. ಮುಂದಿನ ಜಾಡ್ಯ ಬರುವ ಮೊದಲೇ ಆ ದಾರಿಯನ್ನು ನಾವು ಸರಿಪಡಿಸಬೇಕಾಗಿದೆ.