ಮಂಗಳಕ್ಕೆ ಹೋಗದೆಯೇ ಮಂಗಳವಾಸ



2015ರ ಫೆಬ್ರವರಿಯಲ್ಲಿ ನಮ್ಮ ವೆಳ್ಳಕೋಯಿಲಿಗೆ ಹತ್ತಿರದ ಕೊಯಮತ್ತೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ‘ಮಾರ್ಸ್ ಒನ್’ ಎಂಬ ಡಚ್ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಲೆಂದು ಆರಿಸಿದ್ದ ನೂರು ಮಂದಿಯಲ್ಲಿ ಆಕೆಯೂ ಒಬ್ಬಳು. ವಯಸ್ಸು ಹತ್ತೊಂಬತ್ತು. ಹೋದವರು ತಿರುಗಿ ಬರುವಂತಿರಲಿಲ್ಲ. ಅವಳ ತಾಯಿಗೆ ಹೇಗನ್ನಿಸಿರಬೇಕು, ನೀವೇ ಯೋಚಿಸಿ. 2019ರಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಯಾರೂ ಎಲ್ಲಿಗೂ ಹೋಗಲಿಲ್ಲ.

ಇಷ್ಟು ಸದ್ದುಗದ್ದಲವಿಲ್ಲದೆ ಭೂಮಿಯ ಮೇಲೆಯೇ ‘ಮಂಗಳವಾಸ’ ಮಾಡಿದವರ ಚರಿತ್ರೆ ಬೇರೆಯೇ ಇದೆ. ಮಂಗಳಕ್ಕೆ ಹೋಗಿಬರಲು ಎರಡೂವರೆ ವರ್ಷದಷ್ಟು ಬೇಕು. ಅಲ್ಲಿಂದ ಹೊರಟ ಒಂದು ಮಾತು ನಮಗೆ ತಲುಪಲು 3ರಿಂದ 22 ನಿಮಿಷ. ರಾಕೆಟ್ಟನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಬಹುದು; ನಾಲ್ಕೈದು ಜನ ಒಂದೇ ಸೂರಿನಡಿ ಅಷ್ಟು ಕಾಲ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವರೇ ಎಂಬುದನ್ನು ಮನುಷ್ಯರ ಮೇಲೆಯೇ ಪರೀಕ್ಷಿಸಬೇಕು. ಅದಕ್ಕೆ ಸ್ವಯಂಸೇವಕರು ಬೇಕಾದರು.

ಮಾರ್ಸ್ ಸೊಸೈಟಿ ಎಂಬ ಸಂಘ 2000ದಲ್ಲಿ ಕೆನಡಾದ ಜನವಸತಿಯಿಲ್ಲದ ಡೆವನ್ ದ್ವೀಪದಲ್ಲಿ ಇಂಥ ಒಂದು ನೆಲೆಯನ್ನು ಕಟ್ಟಿತು. ಆಮೇಲೆ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇನ್ನೊಂದು.

ಆದರೆ ಎಲ್ಲಕ್ಕಿಂತ ಕಠಿಣವಾದದ್ದು ಮಾಸ್ಕೋದ ‘ಮಾರ್ಸ್-500’. 2010ರ ಜೂನ್ 3ರಂದು ಆರು ಗಂಡಸರು ಒಳಗೆ ಹೋದರು: ಮೂವರು ರಷ್ಯನ್ನರು, ಫ್ರಾನ್ಸ್, ಇಟಲಿ, ಚೀನಾಗಳಿಂದ ಒಬ್ಬೊಬ್ಬರು. ಕಿಟಕಿ ಇಲ್ಲ, ಬಿಸಿಲಿಲ್ಲ. ಹೊರಬಂದದ್ದು 2011ರ ನವೆಂಬರ್ 4ರಂದು, 520 ದಿನಗಳ ನಂತರ. (ಧ್ಯಾನಕೂಟದಲ್ಲಿ ಮೂರು ದಿನ ಮೊಬೈಲ್ ಇಲ್ಲದೆ ಇರುವುದೇ ನಮಗೆ ಎಷ್ಟು ಕಷ್ಟ!) ನಡುವೆ ಮರಳು ಹರಡಿದ ಕೋಣೆಯಲ್ಲಿ ‘ಮಂಗಳದ ನಡಿಗೆ’ಯೂ ನಡೆಯಿತು. ಬರಬರುತ್ತಾ ಅವರ ಓಡಾಟ ಕಡಿಮೆಯಾಯಿತು, ಹೆಚ್ಚಿನವರ ನಿದ್ರೆ ಏರುಪೇರಾಯಿತು. ಒಬ್ಬನಿಗಂತೂ 24 ಗಂಟೆಯ ದಿನದ ಲೆಕ್ಕವೇ ತಪ್ಪಿ, ಉಳಿದವರು ಮಲಗಿದಾಗ ಅವನು ಎದ್ದಿರುತ್ತಿದ್ದ. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದಿಂದ ಸಿಕ್ಕ ದೊಡ್ಡ ತಿಳಿವಳಿಕೆ ಇದೇ. ಜಗಳವಾಡದೆಯೂ ಮನುಷ್ಯ ಜೊತೆಗಾರರಿಂದ ದೂರವಾಗಬಲ್ಲ.

ಬಳಿಕ ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನ ಗುಮ್ಮಟವೊಂದರಲ್ಲಿ ಆರು ಜನ 2015ರ ಆಗಸ್ಟ್‌ನಿಂದ ಒಂದು ವರ್ಷ ಇದ್ದರು. ಹೊರಗೆ ಕಾಲಿಡಬೇಕಾದರೆ ಗಗನಯಾತ್ರಿಯ ಪೋಷಾಕು ತೊಡಲೇಬೇಕು. ನಾಸಾ ಹ್ಯೂಸ್ಟನ್‌ನಲ್ಲಿ ಮುದ್ರಣಯಂತ್ರದಿಂದಲೇ ಗೋಡೆ ಎಬ್ಬಿಸಿದ ಮನೆಯಲ್ಲಿ ನಾಲ್ವರನ್ನು 378 ದಿನ ಇರಿಸಿತು. ಅವರು 2024ರ ಜುಲೈ 6ರಂದು ಹೊರಬಂದರು. ಅಲ್ಲಿ ತರಕಾರಿಯನ್ನೂ ಬೆಳೆದರು.

ಈಗ ಆ ಸರದಿ ನಮ್ಮ ದೇಶಕ್ಕೂ ಬಂದಿದೆ. ಬೆಂಗಳೂರಿನ ಪ್ರೊಟೊಪ್ಲಾನೆಟ್ ಸಂಸ್ಥೆ ಇಸ್ರೋ ಸಹಯೋಗದಲ್ಲಿ ಲಡಾಖಿನ ತ್ಸೋ ಕಾರ್ ಕಣಿವೆಯಲ್ಲಿ ‘ಹೋಪ್’ ಎಂಬ ನೆಲೆಯನ್ನು ಕಟ್ಟಿದೆ. ಎತ್ತರ ಸುಮಾರು 4,500 ಮೀಟರ್. ತೆಳುಗಾಳಿ, ಚಳಿ, ಸುಡುವ ಅತಿನೇರಳೆ ಕಿರಣ, ಉಪ್ಪುನೆಲ. ಮಂಗಳದ ಹಳೆಯ ಕಾಲವನ್ನು ನೆನಪಿಸುವ ಜಾಗವೆಂದು ವಿಜ್ಞಾನಿಗಳು ಅದನ್ನು ಆರಿಸಿದರು. ಮಲಗಲು, ಅಡುಗೆಗೆ 8 ಮೀಟರ್ ಅಗಲದ ಒಂದು ಗೂಡು, ಸಲಕರಣೆಗಳಿಗೆ 5 ಮೀಟರಿನ ಇನ್ನೊಂದು. 2025ರ ಆಗಸ್ಟ್ 1ರಿಂದ 10ರವರೆಗೆ ಇಬ್ಬರು ಅಲ್ಲಿದ್ದರು. ಅವರ ದೇಹ ಹೇಗೆ ಒಗ್ಗಿತು, ಮನಸ್ಸು ಹೇಗೆ ನಡೆದುಕೊಂಡಿತು ಎಂಬುದೇ ಆ ಹತ್ತು ದಿನಗಳ ಅಧ್ಯಯನವಾಗಿತ್ತು.