ಏರುದಾರಿಯ ಹಲ್ಲುಚಕ್ರ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯ ಸತ್ಯ ಸೈಕಲ್ ಸವಾರನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ಕಾರಿನಲ್ಲಿ ಕುಳಿತವನಿಗೆ ಏರು ಒಂದು ನೋಟ ಮಾತ್ರ. ಸೈಕಲ್ ತುಳಿಯುವವನಿಗೆ ಅದು ಮೊಣಕಾಲಿನ ಅನುಭವ. ಈ ಏರನ್ನು ಹತ್ತಲು ಗೇರುಗಳ ನೆರವು ಪಡೆಯುವುದು ಜಾಣತನವೋ ಹೇಡಿತನವೋ ಎಂಬ ಪ್ರಶ್ನೆ ಇಂದು ವಿಚಿತ್ರವಾಗಿ ತೋರಬಹುದು. ಆದರೆ ಫ್ರಾನ್ಸ್ ದೇಶದಲ್ಲಿ ಅದು ದಶಕಗಳ ಕಾಲ ಮತಭೇದದಷ್ಟೇ ತೀವ್ರವಾದ ವಾದವಾಗಿತ್ತು.

ಮೊದಲು ಗೇರಿನ ಲೆಕ್ಕವನ್ನು ನೋಡೋಣ. ಪೆಡಲಿನ ಬಳಿಯ ಚಕ್ರಕ್ಕೆ ೪೮ ಹಲ್ಲು, ಹಿಂಗಾಲಿಯ ಚಕ್ರಕ್ಕೆ ೧೬ ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಮೂರು ಸುತ್ತು ತಿರುಗುತ್ತದೆ. ಸೈಕಲ್ಲು ಸುಮಾರು ೬.೩ ಮೀಟರ್ ಮುಂದೆ ಸಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ಇದು ಸೊಗಸು. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಾದರೋ, ಸವಾರನೂ ಸೈಕಲ್ಲೂ ಸೇರಿ ೮೦ ಕಿಲೋ ಭಾರವನ್ನು ಪ್ರತಿ ಸುತ್ತಿಗೂ ಅರ್ಧ ಮೀಟರ್ ಮೇಲೆತ್ತಬೇಕು. ಎರಡೂ ಕಡೆ ೩೪ ಹಲ್ಲಿದ್ದರೆ ಪ್ರತಿ ಸುತ್ತಿಗೆ ಎತ್ತಬೇಕಾದದ್ದು ಸುಮಾರು ೧೭ ಸೆಂಟಿಮೀಟರ್ ಮಾತ್ರ. ಅದೇ ವೇಗದಲ್ಲಿ ಹೋಗಲು ಮೊದಲನೆಯವನು ನಿಮಿಷಕ್ಕೆ ೨೦ ಸುತ್ತು ತುಳಿದರೆ ಎರಡನೆಯವನು ೬೦ ಸುತ್ತು ತುಳಿಯಬೇಕು. ಒಟ್ಟು ಕೆಲಸ ಇಬ್ಬರಿಗೂ ಒಂದೇ. ಸಾಲ ಅಷ್ಟೇ, ಕಂತು ಮಾತ್ರ ಸಣ್ಣದು. ಬೆಟ್ಟದ ಎತ್ತರವನ್ನು ಗೇರು ಒಂದು ಅಂಗುಲವೂ ತಗ್ಗಿಸುವುದಿಲ್ಲ.

ಈ ಸಣ್ಣ ಕಂತಿನ ನ್ಯಾಯವನ್ನು ಜನರಿಗೆ ಮನಗಾಣಿಸಲು ಜೀವನವನ್ನೇ ಸವೆಸಿದವನು ಪಾಲ್ ದ ವಿವಿ. ೧೮೫೩ರಲ್ಲಿ ಹುಟ್ಟಿ, ರೇಷ್ಮೆಯ ವ್ಯಾಪಾರದಲ್ಲಿದ್ದ ಈತ ಸೈಕಲ್ಲಿನ ಮೋಹಕ್ಕೆ ಬಿದ್ದು, ಸೇಂತ್ ಎತಿಯೆನ್ ಪಟ್ಟಣದಲ್ಲಿ ೧೮೮೭ರಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿದ. 'ವೆಲೋಸಿಯೋ' ಎಂಬ ಅಂಕಿತದಿಂದ ಬರೆದ. ಆ ಹೆಸರಿನಿಂದಲೇ ಪ್ರಸಿದ್ಧನಾದ. ಸೇಂತ್ ಎತಿಯೆನ್ ಗುಡ್ಡಗಾಡಿನ ಊರು. ಊರ ಹೊರಗೇ ೧,೧೬೧ ಮೀಟರ್ ಎತ್ತರದ ರಿಪಬ್ಲಿಕ್ ಕಣಿವೆಮಾರ್ಗದ ಏರು. ಆ ಏರೇ ಅವನ ಪ್ರಯೋಗಶಾಲೆ. ಮೊದಮೊದಲು ಪೆಡಲಿನ ಬಳಿ ಎರಡು ಹಲ್ಲುಚಕ್ರಗಳನ್ನಿಟ್ಟು, ಸೈಕಲ್ಲಿನಿಂದಿಳಿದು, ಸರಪಳಿಯನ್ನು ಕೈಯಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ. ಹಸಿವೂ ನಿದ್ರೆಯೂ ಕೆಡುವಷ್ಟು ದಣಿಯಬಾರದು ಎಂಬುದು ಅವನ ಸವಾರಿಯ ಧರ್ಮ.

ಅವನ ಎದುರಾಳಿ ಆನ್ರಿ ದೆಗ್ರಾಂಜ್. ೧೮೯೩ರಲ್ಲಿ ಒಂದು ಗಂಟೆಯಲ್ಲಿ ೩೫.೩೨೫ ಕಿಲೋಮೀಟರ್ ಕ್ರಮಿಸಿ ದಾಖಲೆ ಸ್ಥಾಪಿಸಿದ ಸವಾರ ಈತ. ಆದರೆ ಅದು ನಡೆದದ್ದು ಪ್ಯಾರಿಸ್ಸಿನ ಓಟದ ಅಂಗಳದಲ್ಲಿ, ಏರಿಳಿತವಿಲ್ಲದ ವರ್ತುಲದ ಮೇಲೆ. ಮುಂದೆ ಪತ್ರಿಕಾ ಸಂಪಾದಕನಾಗಿ, ೧೯೦೩ರಲ್ಲಿ 'ಟೂರ್ ದ ಫ್ರಾನ್ಸ್' ಸ್ಪರ್ಧೆಯನ್ನು ಆರಂಭಿಸಿದವನೂ ಈತನೇ. ಒಬ್ಬನ ಸಿದ್ಧಾಂತ ಬೆಟ್ಟದಲ್ಲಿ ಹುಟ್ಟಿತು, ಇನ್ನೊಬ್ಬನದು ಬಯಲಿನಲ್ಲಿ.

೧೯೦೨ರಲ್ಲಿ ಪಿರನೀಸ್ ಪರ್ವತದ ತೂರ್ಮಲೆ ಏರಿನಲ್ಲಿ ಪ್ರವಾಸಿ ಸವಾರರ ಸಂಘವೊಂದು ಸೈಕಲ್ಲುಗಳ ಪರೀಕ್ಷೆ ನಡೆಸಿತು. ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರುಗಳ ಸೈಕಲ್ಲಿನಲ್ಲಿ ಆ ಬೆಟ್ಟವನ್ನು ದಾಟಿ ಎಲ್ಲರ ಮೆಚ್ಚುಗೆ ಗಳಿಸಿದಳು. ದೆಗ್ರಾಂಜ್ ಒಪ್ಪಲಿಲ್ಲ. ಇಂಥ ಉಪಾಯವೆಲ್ಲ ನಲವತ್ತೈದು ದಾಟಿದವರಿಗೆ ಸರಿ, ಗೆಲ್ಲಬೇಕಾದದ್ದು ಸ್ನಾಯುಬಲದಿಂದ ಎಂದು ಬರೆದ. ಆಗ ವೆಲೋಸಿಯೋಗೆ ನಲವತ್ತೊಂಬತ್ತು, ದೆಗ್ರಾಂಜನಿಗೆ ಮೂವತ್ತೇಳು!

೧೯೧೦ರಲ್ಲಿ, ದೆಗ್ರಾಂಜನಿಗೇ ನಲವತ್ತೈದು ತುಂಬಿದ ವರ್ಷ, ಅವನ ಸ್ಪರ್ಧೆ ಪಿರನೀಸಿನ ಎತ್ತರದ ದಾರಿಗಳಿಗೆ ಕಾಲಿಟ್ಟಿತು. ತೂರ್ಮಲೆಯ ಎತ್ತರ ೨,೧೧೫ ಮೀಟರ್, ದಾರಿಯೋ ಕಲ್ಲುಮಣ್ಣಿನದು. ಆ ವರ್ಷದ ಸ್ಪರ್ಧೆಯನ್ನು ಗೆದ್ದ ಒಕ್ತಾವ್ ಲಪೀಜ್‌ನಂಥ ಗಟ್ಟಿಗನೂ ಅಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯಬೇಕಾಯಿತು. ಮುಂದಿನ ವರ್ಷಗಳಲ್ಲಿ ಸ್ಪರ್ಧಿಗಳು ಕಂಡುಕೊಂಡಿದ್ದ ದಾರಿಯೆಂದರೆ, ಹಿಂಗಾಲಿಯ ಎರಡು ಪಕ್ಕಗಳಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಕೂರಿಸುವುದು. ಬೆಟ್ಟದ ಬುಡದಲ್ಲಿ ಇಳಿದು, ತಿರುಪು ಸಡಿಲಿಸಿ, ಗಾಲಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂಡಿಸಬೇಕು. ನೆತ್ತಿಯ ಮೇಲೆ ಮತ್ತೆ ಅದೇ ಕೆಲಸ. ಯಾವ ಹಲ್ಲು ಆರಿಸಬೇಕೆಂಬುದನ್ನು ಹೊರಡುವ ಮೊದಲೇ ನಿರ್ಧರಿಸಬೇಕು. ಹಗುರವಾದದ್ದನ್ನು ಆರಿಸಿದರೆ ಬಯಲಿನಲ್ಲಿ ಹಿಂದೆ ಬಿದ್ದ. ಭಾರವಾದದ್ದನ್ನು ಆರಿಸಿದರೆ ಬೆಟ್ಟದಲ್ಲಿ ನಿಂತ.

ದೆಗ್ರಾಂಜನ ಪಕ್ಷದಲ್ಲಿಯೂ ಒಂದು ನ್ಯಾಯವಿತ್ತು ಎನ್ನಬೇಕು. ಸ್ಪರ್ಧೆ ಮನುಷ್ಯರ ನಡುವೆ ನಡೆಯಬೇಕು, ಕಾರ್ಖಾನೆಗಳ ನಡುವೆ ಅಲ್ಲ ಎಂಬುದು ಅವನ ಹಟ. ೧೯೩೦ರಲ್ಲಿ ಅವನು ಕಂಪನಿಗಳ ತಂಡಗಳನ್ನೇ ತೆಗೆದು, ರಾಷ್ಟ್ರಗಳ ತಂಡಗಳನ್ನು ಕಟ್ಟಿ, ಸ್ಪರ್ಧಿಗಳಿಗೆ ಒಂದೇ ಬಗೆಯ ಹಳದಿ ಸೈಕಲ್ಲುಗಳನ್ನು ಕೊಡಿಸಿದ. ಆದರೆ ಸಮಾನತೆಗಾಗಿ ಎಲ್ಲರಿಗೂ ಗೇರು ಕೊಡಬಹುದಿತ್ತು. ಅವನು ಎಲ್ಲರಿಂದಲೂ ಅದನ್ನು ದೂರವಿಟ್ಟ. ಕಷ್ಟಕ್ಕೆ ತನ್ನಷ್ಟಕ್ಕೇ ಒಂದು ಪಾವಿತ್ರ್ಯವಿದೆ ಎಂಬ ನಂಬಿಕೆ ಅಲ್ಲಿ ನ್ಯಾಯದ ವೇಷ ತೊಟ್ಟಿತ್ತು.

ಅದೇ ೧೯೩೦ರ ಫೆಬ್ರವರಿಯಲ್ಲಿ ವೆಲೋಸಿಯೋ ತನ್ನೂರಿನ ಬೀದಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಾಗ ಟ್ರಾಮ್ ಬಡಿದು ತೀರಿಕೊಂಡ. ಏಳು ವರ್ಷಗಳ ಬಳಿಕ, ಸ್ಪರ್ಧೆಯ ಆಡಳಿತ ಜಾಕ್ ಗೊದೆಯ ಕೈಗೆ ಬಂದಿದ್ದಾಗ, ಸರಪಳಿಯನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡೆರೈಲರ್ ಸಾಧನಕ್ಕೆ ಟೂರ್ ದ ಫ್ರಾನ್ಸ್‌ನಲ್ಲಿ ಅನುಮತಿ ದೊರೆಯಿತು. ೧೯೩೭ರ ಆ ಸ್ಪರ್ಧೆಯಲ್ಲಿ ಗೆದ್ದ ರೋಜೆ ಲಪೆಬಿ ಅದನ್ನು ಬಳಸಿಯೇ ಗೆದ್ದ. ಬೆಟ್ಟಗಳೇನೂ ಅದರಿಂದ ಕಿರಿದಾಗಲಿಲ್ಲ, ಗೆಲುವಿನ ಬೆಲೆಯೂ ಇಳಿಯಲಿಲ್ಲ. ಇಂದು ಜಗತ್ತಿನ ಬಲಿಷ್ಠ ಸವಾರರೇ ಕಡಿದಾದ ಏರಿಗೆ ಹಿಂಗಾಲಿಯಲ್ಲಿ ಮೂವತ್ತಕ್ಕೂ ಮಿಕ್ಕಿದ ಹಲ್ಲುಗಳ ಚಕ್ರವನ್ನು ಸಂಕೋಚವಿಲ್ಲದೆ ಕೂರಿಸಿಕೊಳ್ಳುತ್ತಾರೆ.

ಸ್ಪರ್ಧೆಗಿಂತ ದೊಡ್ಡ ಮಾತು ಇನ್ನೊಂದಿದೆ. ಒಂದೇ ಗೇರಿನ ಕಾಲದಲ್ಲಿ ಬೆಟ್ಟದ ದಾರಿ ಕೆಲವೇ ಮಂದಿ ಗಟ್ಟಿಗರ ಸ್ವತ್ತಾಗಿತ್ತು. ಸಣ್ಣ ಗೇರು ಅದನ್ನು ಹೆಂಗಸರಿಗೆ, ವಯಸ್ಸಾದವರಿಗೆ, ವಾರವೆಲ್ಲ ದುಡಿದು ರಜೆಯ ದಿನ ಊರು ಬಿಟ್ಟು ಹೊರಡುವ ಸಾಮಾನ್ಯರಿಗೆ ತೆರೆದಿಟ್ಟಿತು. ದೆಗ್ರಾಂಜ್ ಹೀಗಳೆದ ನಲವತ್ತೈದು ದಾಟಿದವರು ಅಲ್ಪಸಂಖ್ಯಾತರಲ್ಲ; ಬದುಕಿದ್ದರೆ ನಾವೆಲ್ಲರೂ ಸೇರಬೇಕಾದ ಕುಲ ಅದು. ಆದ್ದರಿಂದ ಏರಿಗೆ ಗೇರು ಆರಿಸುವವನು ಕೇಳಿಕೊಳ್ಳಬೇಕಾದದ್ದು ತನ್ನ ಮೊಣಕಾಲನ್ನು, ದಾರಿಯ ಕಡಿದನ್ನು, ಹೊತ್ತ ಭಾರವನ್ನು, ಅಭಿಮಾನವನ್ನಲ್ಲ. ರಿಪಬ್ಲಿಕ್ ಕಣಿವೆಮಾರ್ಗದಲ್ಲಿ ವೆಲೋಸಿಯೋನ ಸ್ಮಾರಕವಿದೆ. ಅಲ್ಲಿಯವರೆಗೆ ತುಳಿದುಕೊಂಡೇ ಬಂದವರನ್ನು, ಎಷ್ಟು ಹಲ್ಲಿನ ಚಕ್ರದಿಂದ ಬಂದಿರಿ ಎಂದು ಆ ಕಲ್ಲು ಕೇಳುವುದಿಲ್ಲ.