ಕಲೆ ಮಾಯಿಸುವ ಮದ್ದು: ಅರ್ರಾಝಿಯ ಕಾಲದಿಂದ ನಮ್ಮ ಕಾಲಕ್ಕೆ

ಮುಖದ ಮೇಲಿನ ಕಲೆಗೆ ಚಿಕಿತ್ಸೆ ಮಾಡಿಸಬಹುದೇ, ಅದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತೆ ಆಗುವುದಿಲ್ಲವೇ ಎಂದು ಹಲವರು ನಮ್ಮಲ್ಲಿ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ತಂದೆ ತಾಯಂದಿರು. ಒಂದು ಸುಟ್ಟ ಗಾಯದ ಗುರುತು, ಮೊಡವೆ ಬಿಟ್ಟುಹೋದ ನಾಲ್ಕು ಗುಳಿ ಆ ಮನೆಯವರ ನಿದ್ದೆ ಕೆಡಿಸಿರುತ್ತದೆ. ಈ ಪ್ರಶ್ನೆ ಹೊಸದಲ್ಲ, ಉತ್ತರವೂ ಹೊಸದಲ್ಲ.

ಅರ್ಫಜಾ ಬಿನ್ ಅಸ್ಅದ್(ರ) ಎಂಬ ಸಹಾಬಿ ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ವಾಸನೆ ಹಿಡಿಯಿತು. ಆಗ ಪ್ರವಾದಿ(ಸ)ರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿಝಿ ವರದಿ ಮಾಡಿದ್ದಾರೆ. ಗಂಡಸರಿಗೆ ಚಿನ್ನ ಧರಿಸುವುದು ನಿಷಿದ್ಧ ಎಂಬುದನ್ನು ನೆನೆದರೆ ಈ ಅನುಮತಿಯ ತೂಕ ತಿಳಿಯುತ್ತದೆ. ಆದ ಹಾನಿಯನ್ನು ಸರಿಪಡಿಸುವುದು ಬೇರೆ, ಚೆನ್ನಾಗಿರುವ ರೂಪವನ್ನು ಬರಿಯ ಚೆಂದಕ್ಕಾಗಿ ಬದಲಿಸುವುದು ಬೇರೆ ಎಂದು ವಿದ್ವಾಂಸರು ವಿವರಿಸಿದ್ದಾರೆ.

ಆ ಕಾಲದಿಂದ ಸುಮಾರು ಮುನ್ನೂರು ವರ್ಷ ಮುಂದೆ ಬರೋಣ. ಇಂದಿನ ಟೆಹ್ರಾನಿನ ಪಕ್ಕದ ರಯ್ ನಗರದಲ್ಲಿ 865ರ ಸುಮಾರಿಗೆ ಹುಟ್ಟಿದ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯಾ ಅರ್ರಾಝಿ, ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು. ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಸಹಿತ ಬಿಡಿಸಿ ಬರೆದ ಅವರ 'ಕಿತಾಬುಲ್ ಜುದರಿ ವಲ್ ಹಸ್ಬಾ' ಗ್ರಂಥ 1848ರಷ್ಟು ತಡವಾಗಿಯೂ ಲಂಡನ್ನಿನಲ್ಲಿ ಇಂಗ್ಲಿಷಿಗೆ ಅನುವಾದವಾಯಿತು.

ಆ ಗ್ರಂಥದಲ್ಲಿ ಸಿಡುಬಿನ ಕಲೆ ಹೋಗಲಾಡಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಆದರೆ ಅದಕ್ಕೂ ಮೊದಲು ಅವರು ಹೇಳುವುದು ಕಣ್ಣಿನ ರಕ್ಷಣೆ. ರೋಗ ಕಾಣಿಸಿದ ಕೂಡಲೇ ಕಣ್ಣಿಗೆ ಪನ್ನೀರು ಬಿಡಬೇಕು, ದಿನಕ್ಕೆ ಹಲವು ಬಾರಿ ತಣ್ಣೀರಿನಿಂದ ಮುಖ ತೊಳೆಯಬೇಕು. ಜೀವ ಮತ್ತು ದೃಷ್ಟಿ ಮೊದಲು, ಅಂದ ಆಮೇಲೆ. ಕಲೆಗೆ ಅವರು ಕಡಲೆ ಹಿಟ್ಟು, ಅಕ್ಕಿ ಹಿಟ್ಟು, ಮೂಲಂಗಿ ಬೀಜದಂಥ ವಸ್ತುಗಳ ಲೇಪ ಹೇಳಿದರು. ಗುಳಿಗಳಿಗೆ ಬೇರೆಯೇ ದಾರಿ ಹೇಳಿದರು: ಮೈ ತುಂಬಿಕೊಳ್ಳುವಂತೆ ಉಣ್ಣುವುದು, ಆಗಾಗ ಸ್ನಾನ, ಚೆನ್ನಾಗಿ ಮೈ ಉಜ್ಜಿಸಿಕೊಳ್ಳುವುದು. ಚರ್ಮದ ಬಣ್ಣ ಬದಲಾದದ್ದು ಒಂದು, ಚರ್ಮ ಒಳಗೆ ಕುಸಿದದ್ದು ಇನ್ನೊಂದು ಎಂಬ ಆ ವಿಂಗಡಣೆಯನ್ನು ಇಂದಿನ ಚರ್ಮವೈದ್ಯರೂ ಮಾಡುತ್ತಾರೆ. ಅವರ ಲೇಪಗಳಲ್ಲಿ ಸೀಸದ ಭಸ್ಮವೂ ಇತ್ತು. ಸೀಸ ವಿಷವೆಂದು ಇಂದು ತಿಳಿದಿದೆ. ಹಳೆಯ ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಯಾವ ಮದ್ದನ್ನೂ ಮನೆಯಲ್ಲಿ ಪ್ರಯೋಗಿಸಬಾರದು.

ಸಿಡುಬಿನ ಗುಳಿಗೆ ನಿಜವಾದ ಮದ್ದು ಲೇಪದಿಂದ ಬರಲಿಲ್ಲ. ಲೇಡಿ ಮೇರಿ ಮಾಂಟಗು ಎಂಬ ಇಂಗ್ಲಿಷ್ ಮಹಿಳೆಯ ಮುಖವನ್ನು 1715ರಲ್ಲಿ ಸಿಡುಬು ಕೆಡಿಸಿತ್ತು, ರೆಪ್ಪೆಗೂದಲೂ ಉದುರಿದ್ದವು. ಗಂಡ ರಾಯಭಾರಿಯಾಗಿದ್ದ ಉಸ್ಮಾನಿ ತುರ್ಕಿಯಲ್ಲಿ, ಸಿಡುಬಿನ ಕೀವನ್ನು ಸ್ವಲ್ಪವೇ ಚರ್ಮಕ್ಕೆ ಚುಚ್ಚಿ ಮಕ್ಕಳನ್ನು ಕಾಪಾಡುವ ಪದ್ಧತಿಯನ್ನು ಆಕೆ 1717ರಲ್ಲಿ ಕಂಡಳು. 1718ರಲ್ಲಿ ತನ್ನ ಮಗನಿಗೂ ಹಾಕಿಸಿದಳು, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ. 1796ರಲ್ಲಿ ಜೆನ್ನರ್ ಗೋಸಿಡುಬಿನಿಂದ ಇನ್ನೂ ಸುರಕ್ಷಿತವಾದ ದಾರಿ ತೋರಿಸಿದರು. ನಮ್ಮ ಮೈಸೂರಿನ ರಾಣಿಯರ ಒಂದು ವರ್ಣಚಿತ್ರವನ್ನು 1805ರ ಸುಮಾರಿಗೆ ಥಾಮಸ್ ಹಿಕಿ ಬರೆದಿದ್ದಾನೆ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆಂದು ಇತಿಹಾಸಕಾರರು ಗುರುತಿಸಿದ್ದಾರೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಲೋಕದಿಂದಲೇ ಅಳಿಯಿತೆಂದು ಘೋಷಿಸಿತು.

ಇಂದು ಸುಟ್ಟ ಗಾಯದ ಗಂಟಿಗೆ ಸಿಲಿಕೋನ್ ಪಟ್ಟಿ, ಉಬ್ಬಿದ ಕಲೆಗೆ ಚುಚ್ಚುಮದ್ದು, ಗುಳಿಗೆ ಲೇಸರ್ ಇವೆ. ಇವು ಕಲೆಯನ್ನು ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ. ಹಾಗೆಂದು ಪ್ರಾಮಾಣಿಕ ವೈದ್ಯರೇ ಹೇಳುತ್ತಾರೆ. ವಾರದಲ್ಲಿ ಕಲೆ ಮಾಯ ಎನ್ನುವ, ಹೆಸರು ವಿಳಾಸವಿಲ್ಲದ ಕ್ರೀಮುಗಳಿಂದ ದೂರವಿರಿ. ಇಂಥವುಗಳಲ್ಲಿ ಪಾದರಸವೂ, ವೈದ್ಯರ ಚೀಟಿಯಿಲ್ಲದೆ ಹಚ್ಚಬಾರದ ಸ್ಟೀರಾಯ್ಡೂ ಸಿಕ್ಕಿದ್ದುಂಟು. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತದೆ, ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ.

ತಂದೆ ತಾಯಂದಿರಿಗೆ ನಮ್ಮ ಮಾತಿಷ್ಟು: ಮಗಳು ಬಯಸಿದರೆ, ಕೈಲಾದರೆ ಚಿಕಿತ್ಸೆ ಮಾಡಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ಸಾಲ ಮಾಡಿ, ಹೆದರಿಸಿ, ಕಲೆ ಹೋಗದಿದ್ದರೆ ಗಂಡು ಸಿಗುವುದಿಲ್ಲವೆಂದು ಹಂಗಿಸಿ ಮಾಡಿಸಬೇಡಿ. ಹೆಣ್ಣು ನೋಡಲು ಹೋಗುವವರೂ ಕೇಳಿಸಿಕೊಳ್ಳಲಿ. ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ಮೈಲಿ ಹಾಕಿಸಿಕೊಂಡ ದುಂಡನೆಯ ಗುರುತು ಇರುತ್ತದೆ. ಅದೂ ಒಂದು ಕಲೆಯೇ. ಅದನ್ನು ಯಾರೂ ಕುಂದೆನ್ನಲಿಲ್ಲ, ಯಾರ ನಿಕಾಹ್ ಕೂಡ ಅದಕ್ಕಾಗಿ ನಿಲ್ಲಲಿಲ್ಲ.